ಕರಾವಳಿಯ ಸೆಡಾನಿಗೆ ಯಾವ ಇನ್‌ಟೇಕ್ ಪೈಪ್?

ಭಟ್ಕಳ, ಹೊನ್ನಾವರ, ಕುಮಟಾ. ಮೂರರಲ್ಲಿ ಯಾವ ಊರಿನ ಗ್ಯಾರೇಜಾದರೂ ಸರಿ, ಟರ್ಬೊ ಪೆಟ್ರೋಲ್ ಸೆಡಾನೊಂದರ ಬಾನೆಟ್ ಎತ್ತಿದ ಕೂಡಲೇ ಸುತ್ತ ನಿಂತ ಹುಡುಗರಲ್ಲಿ ಒಬ್ಬ ಕೇಳುತ್ತಾನೆ: “ಅಣ್ಣಾ, ಇನ್‌ಟೇಕ್ ಪೈಪ್ ಹಾಕ್ಸಿದ್ರೆ ಪಿಕಪ್ ಎಷ್ಟು ಹೆಚ್ಚಾಗ್ತದೆ?” ಮೊದಲೆಲ್ಲ ಈ ಪ್ರಶ್ನೆ ನಮ್ಮಲ್ಲಿ ಅಪರೂಪವಾಗಿತ್ತು. ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡ ಒಬ್ಬಿಬ್ಬರು ಬೆಂಗಳೂರಿಗೆ ಹೋದಾಗ ಏನಾದರೂ ಹಾಕಿಸಿಕೊಂಡು ಬರುತ್ತಿದ್ದರು, ಅಷ್ಟೆ. ಈಗ ಕಾರುಗಳೇ ಬೇರೆ. 2022ರ ಜೂನ್‌ನಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಎಂಜಿನ್ 150 ಪಿಎಸ್ ಕೊಡುತ್ತದೆ, ಅದೇ ಎಂಜಿನ್ ಸ್ಕೋಡಾ ಸ್ಲಾವಿಯಾದಲ್ಲೂ ಇದೆ. 2023ರ ಮಾರ್ಚ್‌ನ ಹ್ಯುಂಡೈ ವೆರ್ನಾ ಟರ್ಬೊ 160 ಪಿಎಸ್‌ನದು. ಇವುಗಳಿಗಿಂತ ಮೇಲೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ: 2017ರಲ್ಲಿ 230 ಪಿಎಸ್, 2020ರಲ್ಲಿ ದೇಶಕ್ಕೆಲ್ಲ 200 ಕಾರು ಮಾತ್ರ ಬಂದಾಗ 245 ಪಿಎಸ್. ಇಷ್ಟು ಶಕ್ತಿಯ ಕಾರು ಮನೆಮುಂದೆ ನಿಂತ ಮೇಲೆ ಇನ್ನಷ್ಟು ಬೇಕೆನ್ನಿಸುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ.

ಆದರೆ ಪಿಕಪ್ಪಿನ ಪ್ರಶ್ನೆಯನ್ನು ಈ ಮೂರು ತಾಲೂಕಿನವರು ಎರಡನೆಯದಾಗಿ ಕೇಳಬೇಕು. ಈ ಪೈಪ್ ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ, ಅದರ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದು ಮೊದಲ ಪ್ರಶ್ನೆ. ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲೇ ಓಡುವ ರಸ್ತೆಗಳು ನಮ್ಮವು. ಕ್ಯಾಲಿಫೋರ್ನಿಯಾದ ಒಣ ಹವೆಗೋ ದುಬೈನ ಮರಳಿಗೋ ಹೊಂದುವಂತೆ ಮಾಡಿದ ಪೈಪ್ ಇಲ್ಲಿ ಅದೇ ಗುಣ ತೋರಿಸಬೇಕೆಂದೇನೂ ಇಲ್ಲ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. “ಇನ್‌ಟೇಕ್” ಎಂದು ನಾವು ಕರೆಯುವುದು ನಾಲ್ಕು ಬೇರೆ ಬೇರೆ ಭಾಗಗಳನ್ನು. ಮುಂಭಾಗದ ಗ್ರಿಲ್ ಹತ್ತಿರ ಗಾಳಿ ಒಳಬರುವ ಬಾಯಿ ಒಂದು, ಇದಕ್ಕೆ ಸ್ನಾರ್ಕೆಲ್ ಎನ್ನುತ್ತಾರೆ. ಅಲ್ಲಿಂದ ಗಾಳಿ ಏರ್ ಫಿಲ್ಟರ್ ಬಾಕ್ಸಿಗೆ ಬರುತ್ತದೆ, ಇದು ಎರಡನೆಯದು. ಫಿಲ್ಟರ್ ದಾಟಿದ ಗಾಳಿಯನ್ನು ಟರ್ಬೊಗೆ ಒಯ್ಯುವ ಪೈಪ್ ಮೂರನೆಯದು. ಟರ್ಬೊ ಒತ್ತಿದ ಗಾಳಿಯನ್ನು ಇಂಟರ್‌ಕೂಲರ್ ಮೂಲಕ ಎಂಜಿನ್ನಿಗೆ ಮುಟ್ಟಿಸುವ ಚಾರ್ಜ್ ಪೈಪ್ ನಾಲ್ಕನೆಯದು. ಅಂಗಡಿಯವನು “ಕಿಟ್” ಎಂದಾಗ ಇವುಗಳಲ್ಲಿ ಯಾವುದು, ಎಷ್ಟು ಎಂದು ಕೇಳದೆ ಹಣ ಕೊಡಬಾರದು. ಈ ಲೇಖನದ ವಿಷಯ ಮುಖ್ಯವಾಗಿ ಮೂರನೆಯದು. ಆದರೆ ಅದನ್ನು ಮೊದಲೆರಡರಿಂದ ಬಿಡಿಸಿ ನೋಡಲಾಗದು, ನಮ್ಮ ಕಡೆ ಅನಾಹುತವೆಲ್ಲ ಆ ಎರಡನ್ನು ಕಿತ್ತು ಮೂಲೆಗಿಟ್ಟಾಗಲೇ ಆಗುವುದು.

ಎಂಜಿನ್ ಕುಡಿಯುವ ಗಾಳಿಯ ಲೆಕ್ಕ ದೊಡ್ಡದು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅದು ಸರಿಯಾಗಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು, ಅಂದರೆ ಹತ್ತಿರ ಹತ್ತಿರ 11 ಕಿಲೊ. ನಮ್ಮ ಹವೆಯಲ್ಲಿ ಅದು 9,000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ಕೇರಿಗೆ ನೀರು ತರುವ ದೊಡ್ಡ ಟ್ಯಾಂಕರಿನಷ್ಟು ಗಾಳಿ ಒಂದು ಲೀಟರ್ ಪೆಟ್ರೋಲಿಗೆ ಬೇಕಾಗುತ್ತದೆ. ಇಷ್ಟೆಲ್ಲ ಗಾಳಿ ಒಂದು ಪೈಪಿನಲ್ಲೇ ಹೋಗಬೇಕಾದರೆ ಆ ಪೈಪ್ ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ ಎನ್ನಿಸುತ್ತದೆ. ಲೆಕ್ಕ ಹಾಕಿದರೆ ಹಾಗೆ ಕಾಣುವುದಿಲ್ಲ. 150 ಪಿಎಸ್‌ನ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ನಿಮಿಷಕ್ಕೆ ಸುಮಾರು 7 ಕಿಲೊ ಗಾಳಿ ಎಳೆಯುತ್ತದೆ. 63 ಮಿಲಿಮೀಟರ್ ವ್ಯಾಸದ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ 30 ಮೀಟರ್ ಆಸುಪಾಸು. ಆ ವೇಗದಿಂದಾಗಿ ಗಾಳಿಗೆ ಬರುವ ಒತ್ತಡ ವಾತಾವರಣದ ಒತ್ತಡದ ಶೇಕಡಾ ಅರ್ಧದಷ್ಟು ಮಾತ್ರ. ತಿರುವು, ಮಡಿಕೆಗಳಲ್ಲಿ ಕಳೆದುಹೋಗುವುದು ಅದರಲ್ಲೂ ಒಂದು ಭಾಗ. ಎಷ್ಟೇ ನುಣುಪಾದ, ಎಷ್ಟೇ ದುಬಾರಿ ಪೈಪ್ ಹಾಕಿದರೂ ಉಳಿಯುವುದು ಆ ಭಾಗದ ಭಾಗ. ಕಂಪನಿಯ ಟ್ಯೂನ್ ಹಾಗೇ ಇರುವ ಕಾರಿನಲ್ಲಿ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಟರ್ಬೊ ಒತ್ತಡವನ್ನು ತನಗೆ ಗೊತ್ತುಮಾಡಿದ ಮಟ್ಟಕ್ಕೇ ಹಿಡಿದಿಡುವುದರಿಂದ ಅಷ್ಟೂ ಚಕ್ರದವರೆಗೆ ಬರುವುದಿಲ್ಲ.

ಹಾಗಾದರೆ ಪೈಪ್ ಬದಲಿಸಿದವರೆಲ್ಲ “ಗಾಡಿ ಹಗುರಾಯ್ತು” ಎನ್ನುವುದೇಕೆ? ಹೆಚ್ಚಿನ ಪಾಲು ಸದ್ದಿನಿಂದ. ಕಂಪನಿಯ ಪೈಪಿಗೆ ಅಂಟಿಕೊಂಡು ಖಾಲಿ ಡಬ್ಬಿಯಂಥ ಒಂದು ಭಾಗ ಇರುತ್ತದಲ್ಲ, ಅದು ರೆಸೊನೇಟರ್. ಗಾಳಿ ಎಳೆಯುವ ಗುಂಯ್‌ ಸದ್ದನ್ನೂ ಟರ್ಬೊದ ಸಿಳ್ಳನ್ನೂ ನುಂಗುವುದು ಅದರ ಕೆಲಸ. ಹೊಸ ಪೈಪಿನಲ್ಲಿ ಅದಿಲ್ಲ. ಸದ್ದು ಕ್ಯಾಬಿನ್ನಿಗೆ ಬಂದಾಗ ವೇಗವೂ ಹೆಚ್ಚಾದಂತೆ ಮೈ ನಂಬುತ್ತದೆ. ಆ ಸದ್ದು ಬೇಕೆಂದೇ ಹಣ ಕೊಡುವವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ, ಘಟ್ಟದ ತಿರುವಿನಲ್ಲಿ ಆ ಸಿಳ್ಳು ಕೇಳುವುದು ನನಗೂ ಇಷ್ಟ. ಕೊಡುವ ಹಣ ಸದ್ದಿಗೆ ಎಂದು ತಿಳಿದು ಕೊಟ್ಟರೆ ಸಾಕು.

ಇಸಿಯು ರೀಮ್ಯಾಪ್ ಮಾಡಿಸಿದವರ ಕತೆ ಬೇರೆ. ಹರಿವು ಎರಡರಷ್ಟಾದರೆ ಪೈಪಿನಲ್ಲಿ ಆಗುವ ನಷ್ಟ ನಾಲ್ಕರಷ್ಟಾಗುತ್ತದೆ. 230 ಪಿಎಸ್‌ನ ಆಕ್ಟೇವಿಯಾವನ್ನು 300ರ ಗಡಿಗೆ ಒಯ್ಯುವವರಿಗೆ ಟರ್ಬೊ ಬಾಯಿಯ ಹತ್ತಿರದ ಇಕ್ಕಟ್ಟಾದ ಬಾಗು ನಿಜವಾದ ಅಡ್ಡಿ. ಅಲ್ಲಿ ದೊಡ್ಡ ವ್ಯಾಸದ ಪೈಪ್ ಕೆಲಸಕ್ಕೆ ಬರುತ್ತದೆ, ಟರ್ಬೊ ಕಡಿಮೆ ದಣಿಯುತ್ತದೆ. ಬಿಎಂಡಬ್ಲ್ಯು ಎಂ340ಐಯಂಥ 3 ಲೀಟರಿನ ಕಾರಿಗೂ ಇದೇ ಮಾತು.

ಶಾಖದ ವಿಷಯದಲ್ಲಿ ಲಾಭನಷ್ಟ ಇನ್ನೂ ದೊಡ್ಡದು. ಹೊರಗೆ 32 ಡಿಗ್ರಿ ಇದ್ದಾಗ ಬಾನೆಟ್ ಒಳಗಿನ 60 ಡಿಗ್ರಿಯ ಗಾಳಿಯನ್ನು ಎಂಜಿನ್ ಎಳೆದರೆ ಅದೇ ಗಾತ್ರದಲ್ಲಿ ಶೇಕಡಾ 8ರಷ್ಟು ಗಾಳಿ ಕಡಿಮೆ ಬರುತ್ತದೆ. ಇಂಟರ್‌ಕೂಲರ್ ಇದರಲ್ಲಿ ಸ್ವಲ್ಪವನ್ನು ಸರಿದೂಗಿಸಬಹುದು, ಪೂರ್ತಿ ಆಗದು. ಪೈಪಿನಿಂದ ಸಿಗುವ ಅರೆಕಾಸಿನ ಲಾಭದ ಮುಂದೆ ಇದು ದೊಡ್ಡ ನಷ್ಟ. ಫಿಲ್ಟರ್ ಬಾಕ್ಸ್ ತೆಗೆದು, ಚಿಕ್ಕ ಪೈಪಿನ ತುದಿಗೆ ಅಣಬೆಯಂಥ ತೆರೆದ ಕೋನ್ ಫಿಲ್ಟರ್ ಸಿಕ್ಕಿಸುವ ಶಾರ್ಟ್ ರ‍್ಯಾಮ್ ಇನ್‌ಟೇಕ್ ಮಾಡುವುದು ಇದನ್ನೇ. ಜಪಾನಿನ ಎಚ್‌ಕೆಎಸ್‌ನ ಅಣಬೆ ಫಿಲ್ಟರ್ ನೋಡಲು ಚೆಂದ. ಆದರೆ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಕಾರನ್ನು ಕಣ್ಣಮುಂದೆ ತಂದುಕೊಳ್ಳಿ: ಮುಂದೆ ಲೋಡಿನ ಲಾರಿ, ಎರಡನೇ ಗೇರ್, ಗಂಟೆಗೆ 20 ಕಿಲೊಮೀಟರ್ ವೇಗ, ಎದುರುಗಾಳಿಯೇ ಇಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಜೋಗದ ಕಡೆ ಹತ್ತುವಾಗಲೂ ಇದೇ. ಲಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಆ ಗಳಿಗೆಯಲ್ಲಿ ಎಂಜಿನ್ನಿಗೆ ತಣ್ಣನೆ ಗಾಳಿ ಬೇಕು. ತೆರೆದ ಫಿಲ್ಟರ್ ಆಗ ಕೊಡುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನು. ಅದಲ್ಲದೆ ಶಿರಸಿಯ ಎತ್ತರ ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡವೇ ಶೇಕಡಾ 6ರಷ್ಟು ಇಳಿದಿರುತ್ತದೆ. ಸಮುದ್ರ ಮಟ್ಟದಲ್ಲಿ ತೇವದ ಕಾಟ ಬೇರೆ: 30 ಡಿಗ್ರಿಯಲ್ಲಿ ಶೇಕಡಾ 85ರ ತೇವಾಂಶವಿದ್ದರೆ ಎಂಜಿನ್ ಎಳೆಯುವ ಗಾಳಿಯ ಗಾತ್ರದಲ್ಲಿ ಶೇಕಡಾ 3.5ರಷ್ಟು ಬರೀ ನೀರಾವಿ. ಇದಕ್ಕೆ ಯಾವ ಪೈಪಿನಲ್ಲೂ ಮದ್ದಿಲ್ಲ.

ಪೈಪಿನ ಲೋಹದ ಬಗ್ಗೆ ಜಗಳವಾಡುವವರಿಗೂ ಇಲ್ಲೊಂದು ಮಾತು. ಅಲ್ಯೂಮಿನಿಯಂ ಶಾಖವನ್ನು ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಬೇಗ ದಾಟಿಸುತ್ತದೆ, ನಿಜ. ಆದರೆ ಪೂರ್ತಿ ವೇಗದಲ್ಲಿ 60 ಸೆಂಟಿಮೀಟರ್ ಪೈಪನ್ನು ಗಾಳಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ದಾಟಿಬಿಡುತ್ತದೆ, ಬಿಸಿಯಾಗಲು ಹೊತ್ತೆಲ್ಲಿ? ಲೋಹದ ಪೈಪ್ ಕಾಟ ಕೊಡುವುದು ಹೊನ್ನಾವರ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ. ಕಂಪನಿಯವರು ಅಲ್ಲಿ ಪ್ಲಾಸ್ಟಿಕ್ ಹಾಕಿದ್ದು ಬರೀ ಖರ್ಚು ಉಳಿಸಲು ಎಂದುಕೊಳ್ಳಬೇಡಿ.

ಇನ್ನು ನೀರು. ಇದರ ಮುಂದೆ ಉಳಿದದ್ದೆಲ್ಲ ಚಿಕ್ಕದು.

2022ರ ಆಗಸ್ಟ್ ಮೊದಲ ವಾರವನ್ನು ಭಟ್ಕಳದವರು ಮರೆತಿಲ್ಲ. ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು, ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಅಂಥ ದಿನ ಕಾರಿನ ಮಾತು ಸಣ್ಣದು. ಆದರೆ ಅಷ್ಟು ದೊಡ್ಡ ಮಳೆಯೇ ಬೇಕೆಂದಿಲ್ಲ. ಸಾಧಾರಣ ಆಷಾಢದ ಮಳೆಗೂ ಶಂಸುದ್ದೀನ್ ವೃತ್ತ, ರಂಗಿನಕಟ್ಟೆಯ ಬಳಿ ಹೆದ್ದಾರಿಯ ಮೇಲೆ ನೀರು ನಿಲ್ಲುತ್ತದೆ. ಕತಗಾಲದ ಹತ್ತಿರ ಚಂಡಿಕಾ ಹೊಳೆ ಉಕ್ಕಿದರೆ ಕುಮಟಾ–ಶಿರಸಿ ರಸ್ತೆಯೇ ಹೊಳೆಯಾಗುತ್ತದೆ. ಹೊನ್ನಾವರ ತಾಲೂಕಿನಲ್ಲಿ ಗುಂಡಬಾಳ ಹೊಳೆ ಏರಿದಾಗ ದಂಡೆಯ ಊರುಗಳ ದಾರಿ ಮುಳುಗುತ್ತದೆ.

ಎಂಜಿನ್ ಹಾಳಾಗಲು ಎಷ್ಟು ನೀರು ಸಾಕು? 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ 375 ಮಿಲಿಲೀಟರ್. ಒತ್ತುವ ಪ್ರಮಾಣ 10.5ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 40 ಮಿಲಿಲೀಟರ್. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೂರು ದೊಡ್ಡ ಚಮಚದಷ್ಟು ನೀರು ಒಂದು ಸಿಲಿಂಡರಿಗೆ ಹೊಕ್ಕರೆ ಮೇಲೇರುವ ಪಿಸ್ಟನ್ನಿಗೆ ಹೋಗಲು ಜಾಗವಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ ಇಲ್ಲವೇ ಮುರಿದು ಬ್ಲಾಕಿನಿಂದ ಹೊರಬರುತ್ತದೆ. ಎಂಜಿನ್ 2,000 ಸುತ್ತಿನಲ್ಲಿ ತಿರುಗುತ್ತಿದ್ದರೆ ಪ್ರತಿ ಸಿಲಿಂಡರ್ ಸೆಕೆಂಡಿಗೆ 16 ಸಲ ಎಳೆಯುತ್ತಿರುತ್ತದೆ. ಫಿಲ್ಟರ್ ಮುಳುಗಿದ್ದು ತಿಳಿದು ಕಾಲು ತೆಗೆಯುವಷ್ಟು ಸಮಯವೂ ಸಿಗುವುದಿಲ್ಲ.

ಈಗ ಪೈಪಿನ ಬಗೆಗಳನ್ನು ನೋಡಿ. ಕೋಲ್ಡ್ ಏರ್ ಇನ್‌ಟೇಕ್ ಎಂಬ ಹೆಸರಿನದು ಉದ್ದ ಪೈಪನ್ನು ಬಂಪರಿನ ಹಿಂದೆ, ಮುಂದಿನ ಚಕ್ರದ ಪಕ್ಕಕ್ಕೆ ಇಳಿಸಿ ಅಲ್ಲಿ ಫಿಲ್ಟರ್ ಇಡುತ್ತದೆ. ಒಣ ಊರಿನಲ್ಲಿ ಇದು ಎಲ್ಲಕ್ಕಿಂತ ಉತ್ತಮ, ಸಿಗುವ ಗಾಳಿ ನಿಜಕ್ಕೂ ತಣ್ಣಗಿರುತ್ತದೆ. ಆದರೆ ಆ ಫಿಲ್ಟರ್ ನೆಲದಿಂದ ಮೊಣಕಾಲಿಗಿಂತ ಕೆಳಗೆ, ಚಕ್ರ ಎರಚುವ ನೀರಿನ ಎದುರಿಗೇ ಇರುತ್ತದೆ. ಕಂಪನಿಯ ಸ್ನಾರ್ಕೆಲ್ಲಿನ ಬಾಯಿ ಬಹುತೇಕ ಸೆಡಾನುಗಳಲ್ಲಿ ಬಾನೆಟ್ಟಿನ ಮುಂದಂಚಿನ ಹತ್ತಿರ, ಹೆಡ್‌ಲೈಟಿನ ಎತ್ತರದಲ್ಲಿದೆ. ಆ ಎತ್ತರವನ್ನು ಬಿಟ್ಟುಕೊಟ್ಟು ತಣ್ಣನೆ ಗಾಳಿ ಕೊಳ್ಳುವುದು ನಮ್ಮೂರಿಗೆ ಆಗದ ವ್ಯಾಪಾರ. ಅಮೆರಿಕದ ಎಇಎಂ ಕಂಪನಿ ಫಿಲ್ಟರ್ ಮುಳುಗಿದಾಗ ಮೇಲಿನಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಮಾಡಿತು, ಆದರೆ ಅದು ಟರ್ಬೊ ಎಂಜಿನ್ನುಗಳಿಗೆ ಅಲ್ಲ. ಫಿಲ್ಟರಿನ ಮೇಲೆ ನೀರು ನಿಲ್ಲದ ಬಟ್ಟೆಯ ಚೀಲ ಹಾಕಬಹುದು. ಅದು ಸಿಡಿದ ಹನಿಯನ್ನು ತಡೆಯುತ್ತದೆ, ಮುಳುಗಿದಾಗ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರು ಓಡಿಸುವ ಯಾರಿಗೂ ಕೆಳಗಿಳಿಸಿದ ಇನ್‌ಟೇಕ್ ಹಾಕಿಸಿಕೊಳ್ಳಿ ಎಂದು ನಾನು ಹೇಳಲಾರೆ.

ಉಳಿಯುವುದು ಮುಚ್ಚಿದ ಬಾಕ್ಸಿನ ವ್ಯವಸ್ಥೆ. ಕಂಪನಿಯ ಸ್ನಾರ್ಕೆಲ್ಲನ್ನೂ ಫಿಲ್ಟರ್ ಬಾಕ್ಸನ್ನೂ ಹಾಗೇ ಇಟ್ಟು, ಒಳಗೆ ಒಳ್ಳೆಯ ಪ್ಯಾನೆಲ್ ಫಿಲ್ಟರ್ ಹಾಕಿ, ಬಾಕ್ಸಿನಿಂದ ಟರ್ಬೊವರೆಗಿನ ಪೈಪನ್ನು ಮಾತ್ರ ಬದಲಿಸುವುದು. ಟ್ಯೂನ್ ಮಾಡಿಸದ ವರ್ಟಸ್, ಸ್ಲಾವಿಯಾ, ವೆರ್ನಾಗಳಿಗೆ ಇದೇ ಹೆಚ್ಚು, ಫಿಲ್ಟರಿನಲ್ಲೇ ನಿಲ್ಲಿಸಿದರೂ ನಷ್ಟವಿಲ್ಲ. ದೊಡ್ಡ ಟ್ಯೂನಿನ ಕಾರುಗಳಿಗೆ ಕಂಪನಿಯ ಸ್ನಾರ್ಕೆಲ್ಲಿಗೇ ಕೂಡುವ ಮುಚ್ಚಿದ ದೊಡ್ಡ ಬಾಕ್ಸ್ ಸಿಗುತ್ತದೆ, ಬೆಲೆ ಹೆಚ್ಚು. ಹಣ ಇದ್ದರೆ ಅದು.

ಫಿಲ್ಟರಿನ ಬಗ್ಗೆ ನಮ್ಮಲ್ಲಿ ಇನ್ನೊಂದು ಮಾತು ಬೇಕು, ಧೂಳಿನಿಂದಾಗಿ. ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ಶುರುವಾದಾಗಿನಿಂದ ಬೇಸಿಗೆಯಲ್ಲಿ ಭಟ್ಕಳದಿಂದ ಕುಮಟಾವರೆಗೆ ಚಿರೇಕಲ್ಲಿನ ಕೆಂಪು ಧೂಳು ಕುಡಿಯದ ಕಾರಿಲ್ಲ. ದೇವಿಮನೆಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗಲೂ ಅದೇ ಆಯಿತು. ಕೆನ್ ಜಾನ್ಸನ್, ನಾರ್ಮ್ ಮೆಕ್‌ಡೊನಾಲ್ಡ್ ಎಂಬಿಬ್ಬರ ಹೆಸರಿನ ಮೊದಲಕ್ಷರದಿಂದ ಹೆಸರಾದ ಕೆ ಅಂಡ್ ಎನ್ ಕಂಪನಿಯ ಎಣ್ಣೆ ಸವರಿದ ಹತ್ತಿಯ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಗಾಳಿ ಸಲೀಸಾಗಿ ಬಿಡುತ್ತದೆ. ಇಟಲಿಯ ಬಿಎಂಸಿಯದೂ ಅದೇ ಬಗೆ. ನುಣ್ಣನೆ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದದ ಫಿಲ್ಟರ್ ಸಾಮಾನ್ಯವಾಗಿ ಮುಂದು. ಕೊಳ್ಳುವಾಗ ಐಎಸ್‌ಒ 5011 ಪರೀಕ್ಷೆಯಲ್ಲಿ ಶೇಕಡಾ ಎಷ್ಟು ಧೂಳು ತಡೆದಿದೆ ಎಂದು ಕೇಳಿ. ಶೇಕಡಾ 99ಕ್ಕೂ 97ಕ್ಕೂ ನಡುವೆ ವ್ಯತ್ಯಾಸ ಎರಡೇ ಅಲ್ಲ. ಒಳಹೋಗುವ ಧೂಳು ಒಂದು ಪಾಲಿನಿಂದ ಮೂರು ಪಾಲಾಗುತ್ತದೆ, ಸವೆಯುವುದು ಟರ್ಬೊದ ರೆಕ್ಕೆ ಮತ್ತು ಸಿಲಿಂಡರಿನ ಗೋಡೆ. ಹತ್ತಿಯ ಫಿಲ್ಟರಿಗೆ ಎಣ್ಣೆ ಅತಿಯಾಗಿ ಸವರಿದರೆ ಗಾಳಿಯ ತೂಕ ಅಳೆಯುವ ಎಂಎಎಫ್ ಸೆನ್ಸರಿನ ಮೇಲೆ ಅಂಟುತ್ತದೆ, ಅದಿರುವ ಕಾರಿನವರು ಎಚ್ಚರ ವಹಿಸಬೇಕು. ಆ ಸೆನ್ಸರ್ ಇರುವ ಕಾರಿಗೆ ಪೈಪಿನ ವ್ಯಾಸವೂ ಸೂಕ್ಷ್ಮ ವಿಷಯ. ಸೆನ್ಸರ್ ಕೂರುವ ಜಾಗ 63ರಿಂದ 70 ಮಿಲಿಮೀಟರ್ ಆದರೆ ಅಡ್ಡಕೊಯ್ತ ಶೇಕಡಾ 23ರಷ್ಟು ಹಿಗ್ಗುತ್ತದೆ. ಗಾಳಿ ಕಡಿಮೆ ಬರುತ್ತಿದೆಯೆಂದು ಸೆನ್ಸರ್ ತಪ್ಪು ಹೇಳುತ್ತದೆ, ಇಸಿಯು ಪೆಟ್ರೋಲ್ ಕಡಿಮೆ ಬಿಡುತ್ತದೆ.

ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಏನು ಉದುರಿದರೂ ಅದು ನೇರ ಟರ್ಬೊಗೆ ಹೋಗುತ್ತದೆ, ಅಲ್ಲಿ ತಡೆಯುವವರಿಲ್ಲ. ಅದಕ್ಕೇ ಅಗ್ಗದ ಕ್ರೋಮ್ ಲೇಪದ ಕಬ್ಬಿಣದ ಪೈಪನ್ನು ಕರಾವಳಿಯವರು ಮುಟ್ಟಬಾರದು. ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ಗಾಳಿ ಇದು. ಲೇಪದ ಅಡಿಯಲ್ಲಿ ತುಕ್ಕು ಹಿಡಿದು, ಚಕ್ಕೆ ಎದ್ದು, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ಚಕ್ರಕ್ಕೆ ಬಡಿದರೆ ಪೈಪಿನಲ್ಲಿ ಉಳಿಸಿದ ಹಣದ ಹತ್ತಾರು ಪಟ್ಟು ದಂಡ ತೆರಬೇಕು. ಅಲ್ಯೂಮಿನಿಯಂ ಆದರೆ ಆನೊಡೈಸ್ ಮಾಡಿದ್ದು, ಉಕ್ಕಾದರೆ 304 ಸ್ಟೇನ್‌ಲೆಸ್, ಬೆಸುಗೆಯ ಒಳಬದಿ ಬೆರಳಾಡಿಸಿದರೆ ನುಣುಪಾಗಿರಬೇಕು. ಸಿಲಿಕೋನ್ ಹೋಸ್ ಒಳ್ಳೆಯದೇ, ಆದರೆ ಟರ್ಬೊ ಮುಂದಿನ ಪೈಪಿನಲ್ಲಿ ಎಳೆತ ಇರುವುದರಿಂದ ತೆಳುವಾದದ್ದು ಒಳಕ್ಕೆ ಕುಗ್ಗುತ್ತದೆ, ತಂತಿ ಸುತ್ತಿದ್ದೋ ನಾಲ್ಕೈದು ಪದರದ್ದೋ ಬೇಕು. ಎಂಜಿನ್ನಿನ ಎಣ್ಣೆಯ ಹಬೆಯೂ ಅದೇ ಪೈಪಿಗೆ ಬರುವುದರಿಂದ ಒಳಪದರ ಫ್ಲೋರೊಸಿಲಿಕೋನ್ ಇರಲಿ, ಬರೀ ಸಿಲಿಕೋನ್ ಎಣ್ಣೆಗೆ ಊದಿಕೊಳ್ಳುತ್ತದೆ. ಆ ಹಬೆಯ ಹೋಸನ್ನು ಕಿತ್ತು ಹೊರಗೆ ಬಿಡುವವರಿದ್ದಾರೆ. ಅದು ಹೊಗೆಯ ನಿಯಮಕ್ಕೆ ವಿರುದ್ಧ, ಎಂಜಿನ್ನಿಗೂ ಒಳ್ಳೆಯದಲ್ಲ. ಕ್ಲಿಪ್ಪುಗಳು ಸ್ಟೇನ್‌ಲೆಸ್ ಆಗಿರಲಿ. ಪೈಪಿಗೆ ಸಾವಿರಾರು ರೂಪಾಯಿ ಕೊಟ್ಟು ಕ್ಲಿಪ್ಪಿಗೆ ಹತ್ತು ರೂಪಾಯಿ ಉಳಿಸುವುದನ್ನು ನೋಡಿದಾಗ ಬೇಸರವಾಗುತ್ತದೆ.

ಭಟ್ಕಳದಲ್ಲಿ ಇನ್ನೊಂದು ದಾರಿಯಿಂದಲೂ ಪೈಪ್ ಬರುತ್ತದೆ, ದುಬೈನಿಂದ ರಜೆಗೆ ಬರುವವರ ಬ್ಯಾಗಿನಲ್ಲಿ. ಅಣ್ಣನೋ ಮಾವನೋ ಪ್ರೀತಿಯಿಂದ ತಂದ ಸಾಮಾನು, ಬೇಡ ಎನ್ನಲಾಗದು. ಆದರೆ ಹಾಕಿಸುವ ಮುನ್ನ ಎರಡು ಸಂಗತಿ ನೋಡಬೇಕು. ಕೊಲ್ಲಿ ರಾಷ್ಟ್ರಗಳ ಕಾರುಗಳಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ, ಬ್ರೇಕ್ ಬೂಸ್ಟರ್ ಕೂಡ ಆ ಬದಿಗೇ. ಅಲ್ಲಿ ಸಲೀಸಾಗಿ ಕೂತ ಪೈಪ್ ಇಲ್ಲಿ ಬೂಸ್ಟರಿಗೋ ಹೋಸಿಗೋ ತಾಗಬಹುದು, ತಾಗಿದ್ದು ಉಜ್ಜಿ ಉಜ್ಜಿ ತೂತಾಗುತ್ತದೆ. ಎರಡನೆಯದು ಮಳೆ. ಅಲ್ಲಿಯವರಿಗೆ ನೀರಿನ ಪಾಠ ಸಿಕ್ಕಿದ್ದು 2024ರ ಏಪ್ರಿಲ್ 16ರಂದು. ಯುಎಇಯಲ್ಲಿ 75 ವರ್ಷಗಳ ದಾಖಲೆ ಮುರಿದ ಆ ಮಳೆಯಲ್ಲಿ ಅಲ್ ಐನ್ ಕಡೆ ಒಂದು ಜಾಗದಲ್ಲಿ 254 ಮಿಲಿಮೀಟರ್ ಬಿತ್ತು, ದುಬೈ ರಸ್ತೆಗಳಲ್ಲಿ ಕಾರುಗಳು ಮುಳುಗಿ ನಿಂತವು. ಅವರ ಆ ದಾಖಲೆಯ ಎರಡರಷ್ಟು ಮಳೆಯನ್ನು ಭಟ್ಕಳ ಒಂದೇ ದಿನದಲ್ಲಿ ಕಂಡಿದೆ.

ಕಾನೂನಿನ ಬಗ್ಗೆ ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆರ್‌ಸಿ ಪುಸ್ತಕದಲ್ಲಿ ಇನ್‌ಟೇಕ್ ಪೈಪಿನ ಹೆಸರಿಲ್ಲ ಎಂದು ವಾದಿಸುವವರಿದ್ದಾರೆ. ಸದ್ದು, ಹೊಗೆ ಮಿತಿ ಮೀರಿದರೆ ಆ ವಾದ ನಿಲ್ಲದು. ವಿಮೆಯದು ಇನ್ನೂ ನೇರ: ನೀರು ಹೊಕ್ಕು ಎಂಜಿನ್ ಮುರಿದರೆ ಮಾಮೂಲಿ ಪಾಲಿಸಿ ಹಣ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ಆ ಕವರ್ ಇದ್ದರೂ, ಕಂಪನಿಯ ಸ್ನಾರ್ಕೆಲ್ ತೆಗೆದು ಫಿಲ್ಟರನ್ನು ಬಂಪರಿಗೆ ಇಳಿಸಿದ ಕಾರನ್ನು ನೋಡಿ ಸರ್ವೇಯರ್ ಏನು ಬರೆಯಬಹುದು ಎಂದು ಮೊದಲೇ ಯೋಚಿಸಿ. ವಾರಂಟಿಯ ಕಾರಿನವರು ಹಳೆಯ ಪೈಪನ್ನು, ಅದರ ಕ್ಲಿಪ್ಪುಗಳ ಸಮೇತ, ಮಾಳಿಗೆಯಲ್ಲಿ ಜೋಪಾನವಾಗಿಡಬೇಕು.

ಹಾಕಿಸಿದ ಮೇಲೆ ಕೆಲಸ ಮುಗಿಯಿತೆಂದು ಎದ್ದು ಬರಬೇಡಿ. ಹೊಗೆ ಬಿಟ್ಟು ಸೋರಿಕೆ ನೋಡುವ ಯಂತ್ರವಿರುವ ಗ್ಯಾರೇಜಿನಲ್ಲಿ ಒಮ್ಮೆ ನೋಡಿಸಿ. ಫಿಲ್ಟರ್ ದಾಟಿದ ಮೇಲಿನ ಕೂದಲೆಳೆಯಷ್ಟು ಸಂದಿಯಲ್ಲೂ ಚಿರೇಕಲ್ಲಿನ ಧೂಳು ಒಳಬರುತ್ತದೆ. ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಒಬಿಡಿ ರೀಡರ್ ಸಿಕ್ಕಿಸಿ ಫೋನಿನಲ್ಲಿ ಎರಡು ಅಂಕಿ ನೋಡಿ. ದೀರ್ಘಾವಧಿ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಿ ಸರಿಪಡಿಸುವ ಪ್ರಮಾಣ, ಶೇಕಡಾ ಹತ್ತು ದಾಟಿ ಏರುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಒಳಬರುವ ಗಾಳಿಯ ಉಷ್ಣತೆಯನ್ನು ಹಳೆಯ ಪೈಪಿನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಅದೇ ದೇವಿಮನೆ ಘಟ್ಟ ಹತ್ತುತ್ತ ಬರೆದಿಟ್ಟುಕೊಳ್ಳಿ. ಒಂದೇ ಹೊತ್ತು, ಒಂದೇ ಗೇರ್. ಹೊಸದರಲ್ಲಿ ಅಂಕಿ ಮೇಲೆ ಹೋಗಿದ್ದರೆ ಹಳೆಯದನ್ನು ಮರಳಿ ಹಾಕಲು ಅರ್ಧ ಗಂಟೆಯೂ ಬೇಡ.

ಮೇ ಕೊನೆಯ ವಾರ, ಮೋಡ ಕಟ್ಟುವ ಮೊದಲು, ಫಿಲ್ಟರ್ ಬಾಕ್ಸ್ ಬಿಚ್ಚಿ ಅದರ ತಳದಲ್ಲಿರುವ ಪುಟ್ಟ ತೂತನ್ನು ಹುಡುಕಿ. ಒಳಬಂದ ಹನಿ ಹೊರಹೋಗಲೆಂದು ಕಂಪನಿಯವರು ಇಟ್ಟ ತೂತು ಅದು. ನಮ್ಮಲ್ಲಿ ಬೇಸಿಗೆಯ ಧೂಳೂ ಒಣ ಎಲೆಯ ಚೂರೂ ಸೇರಿ ಅದು ಮುಚ್ಚಿರುತ್ತದೆ. ಒಂದು ಕಡ್ಡಿಯಿಂದ ಬಿಡಿಸಿದರೆ ಸಾಕು.